ಬಿಚ್ಚುವ ಮೊದಲು ಅಳತೆ

ಚೆನ್ನೈನ ಎಗ್ಮೋರ್ ರೈಲು ನಿಲ್ದಾಣದಿಂದ ದಕ್ಷಿಣಕ್ಕೆ ನಡೆದರೆ ಕೂವಂ ನದಿಯ ತಿರುವಿನಲ್ಲಿ ಪುದುಪೇಟೆ ಸಿಗುತ್ತದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಷಟರ್‌ಗಳು ಒಂದೊಂದಾಗಿ ಮೇಲೇಳುತ್ತವೆ. ಅಂಗಡಿಯೊಳಗೆ ಹಿಡಿಸದ ಸರಕೆಲ್ಲ ಹೊರಗೆ ಬರುತ್ತದೆ. ಕಾರಿನ ಬಾಗಿಲುಗಳನ್ನು ಸಾಲಾಗಿ ಗೋಡೆಗೆ ಆನಿಸುತ್ತಾರೆ, ಬಂಪರ್‌ಗಳನ್ನು ತಂತಿಗೆ ತೂಗುಹಾಕುತ್ತಾರೆ, ಗೇರ್‌ಬಾಕ್ಸ್‌ಗಳನ್ನು ರಸ್ತೆಯಂಚಿಗೆ ಪೇರಿಸುತ್ತಾರೆ. ಎಂಜಿನ್ ಬ್ಲಾಕ್‌ಗಳ ಮೇಲೆ ಯಾವ ಗಾಡಿಯದು, ಯಾವ ವರ್ಷದ್ದು ಎಂದು ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ಸುಟ್ಟ ಆಯಿಲ್, ಸೀಮೆಎಣ್ಣೆ, ಪಕ್ಕದ ಟೀ ಅಂಗಡಿಯ ಏಲಕ್ಕಿ, ಮೂರರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯುತ್ತದೆ. ಚೆನ್ನೈ ಜನ ಮೀನ್‌ಬಾಡಿ ವಂಡಿ ಎಂದು ಕರೆಯುವ ಮೂರು ಚಕ್ರದ ಗಾಡಿಯಲ್ಲಿ ಒಂದು ಇಡೀ ಎಂಜಿನ್ ಹಗ್ಗ ಬಿಗಿಸಿಕೊಂಡು ಆದಿತ್ತನಾರ್ ಸಾಲೈ ಕಡೆಗೆ ಹೊರಡುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯನ್ನೂ ಶಿವಾಜಿನಗರದ ಗುಜರಿ ಓಣಿಗಳನ್ನೂ ಕಂಡವರಿಗೆ ಈ ಲೋಕ ತೀರ ಹೊಸದಲ್ಲ. ಆದರೆ ಪುದುಪೇಟೆಯ ಬೆನ್ನಿಗೆ ಇರುವ ಊರು ಬೇರೆ ತರಹದ್ದು. ಇದು ಮೋಟಾರು ತಯಾರಿಸುವ ಊರು. 1903ರಲ್ಲಿ ಸಿಂಪ್ಸನ್ ಕಂಪನಿಯ ಸ್ಯಾಮ್ಯುಯೆಲ್ ಜಾನ್ ಗ್ರೀನ್ ಇಲ್ಲೇ ಹಬೆಯಿಂದ ಓಡುವ ಕಾರು ಕಟ್ಟಿ ಮದರಾಸಿನ ಬೀದಿಯಲ್ಲಿ ಓಡಿಸಿದ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಅಶೋಕ್ ಮೋಟಾರ್ಸ್ ಹುಟ್ಟಿತು. ಎಣ್ಣೂರಿನ ಅದರ ಕಾರ್ಖಾನೆಯಲ್ಲಿ ಮೊದಲು ಜೋಡಿಸಿದ್ದು ಆಸ್ಟಿನ್ ಎ40 ಕಾರು. ಆ ಕಂಪನಿಯೇ ಮುಂದೆ ಅಶೋಕ್ ಲೇಲ್ಯಾಂಡ್ ಆಗಿ ನಮ್ಮ ಬಸ್ಸು ಲಾರಿಗಳ ಹೆಸರಾಯಿತು. ವಂಡಲೂರಿನ ಬಳಿ ಸ್ಟ್ಯಾಂಡರ್ಡ್ ಹೆರಾಲ್ಡ್ ತಯಾರಾಯಿತು. 1998ರಲ್ಲಿ ಬೆಂಗಳೂರು ಹೆದ್ದಾರಿಯ ಇರುಂಗಾಟ್ಟುಕೋಟೆಯಿಂದ ಸ್ಯಾಂಟ್ರೋ ಹೊರಬಂತು. ಮರೈಮಲೈ ನಗರದಿಂದ ಫೋರ್ಡ್ ಐಕಾನ್, ಫಿಗೊ ಬಂದವು. 2021ರಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು, ಮರುವರ್ಷ ಆ ಕಾರ್ಖಾನೆಯ ಸಾಲು ನಿಂತಿತು. ಕಾರ್ಖಾನೆ ಮುಚ್ಚಿದರೂ ಅದು ತಯಾರಿಸಿದ ಕಾರು ರಸ್ತೆಯಲ್ಲಿರುತ್ತದೆ. ಅದನ್ನು ಓಡಿಸುತ್ತಿರುವವರು ಪುದುಪೇಟೆಯನ್ನು ಹುಡುಕಿಕೊಂಡು ಬರುತ್ತಾರೆ.

ಕಾರಿನ ಹೊಟ್ಟೆಯೊಳಗಿನ ಸಾಮಾನೂ ಬಹಳಷ್ಟು ಈ ಊರಿನದೇ. ಸೆಂಬಿಯಂನಲ್ಲಿ ಇಂಡಿಯಾ ಪಿಸ್ಟನ್ಸ್, ಪಾಡಿಯಲ್ಲಿ ಲ್ಯೂಕಾಸ್ ಟಿವಿಎಸ್‌ನ ಸ್ಟಾರ್ಟರ್ ಮತ್ತು ಆಲ್ಟರ್ನೇಟರ್, ರಾಣೆ ಕಂಪನಿಯ ಎಂಜಿನ್ ವಾಲ್ವ್, ಅವನ್ನು ಉಜ್ಜಲು ಕಾರ್ಬೊರಂಡಮ್ ಯೂನಿವರ್ಸಲ್‌ನ ಉಜ್ಜುಗಲ್ಲು. 1990ರ ದಶಕದಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ಗೆ ರೇಡಿಯೇಟರ್ ಮುಚ್ಚಳ ಪೂರೈಸಿ ಹೆಸರು ಮಾಡಿದ್ದು ಇಲ್ಲಿನ ಸುಂದರಂ ಫಾಸ್ಟನರ್ಸ್. ಇಂಥ ಕಾರ್ಖಾನೆಗಳ ಹೊಸ ಪೆಟ್ಟಿಗೆಗಳು ಅಣ್ಣಾ ಸಾಲೈಯಿಂದ ರಾಯಪೇಟೆ ಕಡೆಗೆ ಹೋಗುವ ಜನರಲ್ ಪ್ಯಾಟರ್ಸ್ ರಸ್ತೆಯ ಕಪಾಟುಗಳಲ್ಲಿ ಸಿಗುತ್ತವೆ, ಹಳೆಯ ಸಾಮಾನು ಪುದುಪೇಟೆಯಲ್ಲಿ. ಈ ಎರಡು ಬೀದಿಗಳ ನಡುವೆ ಓಡಾಡುವ ಮೇಸ್ತ್ರಿಗಳು ಊರಿನ ಹಳೆಯ ಗಾಡಿಗಳನ್ನು ಜೀವಂತ ಇಟ್ಟಿದ್ದಾರೆ. ಕಾರ್ಖಾನೆಗಳ ಚರಿತ್ರೆ ಬರೆದವರಿದ್ದಾರೆ. ಮೇಸ್ತ್ರಿಗಳ ವಿದ್ಯೆಯೂ ಅಷ್ಟೇ ದೊಡ್ಡದು ಎಂಬುದು ನನ್ನ ನಂಬಿಕೆ. ಒಂದು ಹಳೆಯ ಮಾರುತಿ 800 ಕಾರಿನ ಎಂಜಿನ್ ಬಿಚ್ಚಿ ಕಟ್ಟುವುದನ್ನು ಪಕ್ಕದಲ್ಲಿ ನಿಂತು ನೋಡಿದ ಮೇಲೆ ಅದು ಗಟ್ಟಿಯಾಯಿತು.

ಕಾರು ನಮ್ಮ ಚಿಕ್ಕಪ್ಪನದು. ಉಡುಪಿ ಕಡೆಯಿಂದ ಬ್ಯಾಂಕ್ ಕೆಲಸಕ್ಕೆಂದು ಮದರಾಸಿಗೆ ಬಂದು ಟಿ. ನಗರದಲ್ಲೇ ಬೇರುಬಿಟ್ಟವರು. ಅವರ ತಲೆಮಾರಿನ ಕನ್ನಡಿಗರಿಗೆ ಈ ಊರಿನಲ್ಲಿ ಕಾರು ಎಂದರೆ ಮೊದಲು ನೆನಪಾಗುವುದು ಕೆಥೆಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್. ಉಡುಪಿ ಸೀಮೆಯ ಕೃಷ್ಣರಾಯರು 1962ರಲ್ಲಿ ತೆರೆದ ಆ ಹೋಟೆಲಿನಲ್ಲಿ ಮರದ ನೆರಳಿಗೆ ಕಾರು ನಿಲ್ಲಿಸಿದರೆ ಕಿಟಕಿಗೇ ತಟ್ಟೆ ಬರುತ್ತಿತ್ತು. 2008ರಲ್ಲಿ ಅದು ಮುಚ್ಚಿತು, ಆ ಜಾಗದಲ್ಲಿ ಈಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ ಇದೆ. ಚಿಕ್ಕಪ್ಪ ಕೊನೆಯ ವರ್ಷಗಳಲ್ಲಿ ಅಲ್ಲಿಗೆ ಹೋಗುತ್ತಿದ್ದದ್ದು ಇದೇ ಬಿಳಿಯ 800ರಲ್ಲಿ. ರಾಣಿಪೇಟೆ, ಕೃಷ್ಣಗಿರಿ, ಹೊಸೂರು ದಾಟಿ ಬೆಂಗಳೂರು, ಅಲ್ಲಿಂದ ಶಿರಾಡಿ ಘಾಟಿ ಇಳಿದು ಉಡುಪಿ, ಪ್ರತಿ ಬೇಸಿಗೆಗೂ ಅದೇ ದಾರಿ. ಓಡಿದ್ದು ಎರಡು ಲಕ್ಷ ಕಿಲೋಮೀಟರ್ ಎಂದೋ ದಾಟಿದೆ.

796 ಸಿಸಿ, ಮೂರು ಸಿಲಿಂಡರ್, ಕಾರ್ಬ್ಯುರೇಟರ್. 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ 800 ಹೊರಬಂತು, 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಹೊಸ ಹೊಗೆ ನಿಯಮ ಬಂದ 2010ರ ಏಪ್ರಿಲ್‌ನಲ್ಲೇ ಚೆನ್ನೈ, ಬೆಂಗಳೂರು ಸೇರಿ 13 ನಗರಗಳಲ್ಲಿ ಅದರ ಮಾರಾಟ ನಿಂತಿತ್ತು. ಇಂಥ ಕಾರನ್ನು ಇಟ್ಟುಕೊಳ್ಳುವುದು ವರ್ಷದಿಂದ ವರ್ಷಕ್ಕೆ ತುಟ್ಟಿಯಾಗುತ್ತಿದೆ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಅದರ ಕೇಂದ್ರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಆಯಿತು. ಇದರ ಮೇಲೆ ಹಸಿರು ತೆರಿಗೆ. ಹಾಗಾಗಿ ಎಂಜಿನ್ ಕೆಲಸ ಬಂತೆಂದರೆ ಮನೆಯವರೆಲ್ಲ ಕೂತು ಲೆಕ್ಕ ಹಾಕುತ್ತಾರೆ.

ಚಿಕ್ಕಪ್ಪನ ಕಾರಿಗೆ ಬಂದ ರೋಗದ ಲಕ್ಷಣ ಇಷ್ಟು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ನೀಲಿ ಹೊಗೆ, ಸ್ವಲ್ಪ ಹೊತ್ತಿಗೆ ಅದು ತಿಳಿಯಾಗುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ನಡುಗುತ್ತದೆ, ಮಿಸ್ಸಿಂಗ್ ಹೊಡೆಯುತ್ತದೆ. ಫ್ಲೈಓವರ್ ಹತ್ತಲು ಪಿಕಪ್ ಇಲ್ಲ. ಮನೆ ಹತ್ತಿರದ ಒಂದು ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ, ಎಂಜಿನ್ ಒಮ್ಮೆ ರೇಸ್ ಮಾಡಿ ನೋಡಿ, ಫುಲ್ ಎಂಜಿನ್ ಕೆಲಸ ಎಂದುಬಿಟ್ಟರು. ಬೋರಿಂಗ್, ಪಿಸ್ಟನ್, ರಿಂಗ್, ಕ್ರ್ಯಾಂಕ್, ಬೇರಿಂಗ್ ಎಲ್ಲ ಸೇರಿಸಿ ಹೇಳಿದ ಮೊತ್ತ ಕಾರು ಮಾರಿದರೆ ಬರುವ ಬೆಲೆಗೆ ಹತ್ತಿರ ಹತ್ತಿರ ಇತ್ತು. ಬೇಡವಾದರೆ ಸ್ಕ್ರ್ಯಾಪಿಗೆ ಹಾಕಿ ಎಂಬ ಸಲಹೆಯೂ ಬಂತು. ಒಂದು ಅಳತೆಯನ್ನೂ ತೆಗೆಯದೆ ಬಂದ ತೀರ್ಪು ಅದು. ಪರಿಚಯದವರೊಬ್ಬರು ಪುದುಪೇಟೆ ಮಗ್ಗುಲಿನ ಓಣಿಯ ಮೇಸ್ತ್ರಿಯ ಹೆಸರು ಹೇಳಿದರು.

ಮಳೆಗಾಲ ಮುಗಿದು ಮಾರ್ಗಳಿ ಮಾಸ ಕಾಲಿಟ್ಟಿತ್ತು. ಬೇವಿನ ಮರದ ಕೆಳಗೆ ತಗಡಿನ ಚಪ್ಪರ, ಅದರಡಿ ಎರಡು ಗಾಡಿ ನಿಲ್ಲುವಷ್ಟು ಜಾಗ, ಗೋಡೆಗೆ ಅಳತೆವಾರು ತೂಗುಹಾಕಿದ ಸ್ಪ್ಯಾನರ್‌ಗಳು. ಮೇಸ್ತ್ರಿ ಪೆರಂಬೂರಿನವರು. ಚಿಕ್ಕ ವಯಸ್ಸಿನಲ್ಲಿ ಬೆಂಗಳೂರಿನ ಕಲಾಸಿಪಾಳ್ಯದ ಗ್ಯಾರೇಜುಗಳಲ್ಲಿ ಕೆಲಸ ಮಾಡಿದ್ದರಿಂದ ಕನ್ನಡ ಚೆನ್ನಾಗಿಯೇ ಬರುತ್ತದೆ. ಚಿಕ್ಕಪ್ಪನ ಮಾತಿನಲ್ಲಿ ಉಡುಪಿ ಕಂಡೊಡನೆ ಅವರು ತಮಿಳು ಬಿಟ್ಟು ಕನ್ನಡಕ್ಕೆ ಬಂದರು.

“ಫುಲ್ ಎಂಜಿನ್ ಅಂದ್ರು ಮೇಸ್ತ್ರಿ. ನೀವೇನಂತೀರಿ?”

“ನಾನು ಈಗ್ಲೇ ಏನೂ ಅನ್ನಲ್ಲ ಸಾರ್. ಮೊದ್ಲು ಅಳೀಬೇಕು. ಆಮೇಲೆ ಬಿಚ್ಚೋದೋ ಬೇಡ್ವೋ ನೋಡೋಣ.”

ಅವರು ಮೊದಲು ಮಾಡಿದ್ದು ಕಾರಿನ ಕೆಳಗೆ ಮಲಗಿ ತಳ ನೋಡಿದ್ದು. ಸ್ಕ್ರೂ ಡ್ರೈವರಿನ ಹಿಡಿಯಿಂದ ಉದ್ದಕ್ಕೂ ಕುಟ್ಟಿಕೊಂಡು ಹೋದರು. ಬೆಸೆಂಟ್ ನಗರ, ತಿರುವಾನ್ಮಿಯೂರಿನ ಕಡಲ ದಂಡೆಯಲ್ಲಿ ನಿಲ್ಲುವ ಕಾರುಗಳ ತಳವನ್ನು ಉಪ್ಪುಗಾಳಿ ತಿಂದಿರುತ್ತದೆಯಂತೆ, ಕುಟ್ಟಿದರೆ ತುಕ್ಕು ಉದುರುತ್ತದೆ. “ಎಂಜಿನ್ ಎಷ್ಟು ಸಲ ಬೇಕಾದ್ರೂ ಕಟ್ಟಬಹುದು. ಫ್ಲೋರ್ ಹೋದ್ರೆ ಕಾರೇ ಹೋಯ್ತು. ಅದಕ್ಕೆ ಖರ್ಚು ಮಾಡಬೇಡಿ ಅಂತ ಮುಂಚೆನೇ ಹೇಳಿಬಿಡ್ತೀನಿ.” ಟಿ. ನಗರದ ಮನೆಯೊಳಗೆ ಶೆಡ್ಡಿನಲ್ಲಿ ನಿಲ್ಲುತ್ತಿದ್ದ ಈ ಕಾರಿನ ತಳ ಗಟ್ಟಿಯಾಗಿತ್ತು. ಹಳೆಯ ಕಾರಿನ ಮೇಲೆ ದುಡ್ಡು ಹಾಕಬೇಕೋ ಬೇಡವೋ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಇಲ್ಲಿಂದಲೇ.

ಮುಂದೆ ಮೂರು ಸ್ಪಾರ್ಕ್ ಪ್ಲಗ್ ಬಿಚ್ಚಿ ಬಿಳಿಯ ಬಟ್ಟೆಯ ಮೇಲೆ ಕ್ರಮವಾಗಿ ಇಟ್ಟರು. ಒಂದನೆಯದು, ಮೂರನೆಯದು ತಿಳಿ ಕಂದು ಬಣ್ಣಕ್ಕಿದ್ದವು. ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿದೆ ಎಂದು ಅರ್ಥ. ನಡುವಿನದು ಕಪ್ಪಗೆ, ಆಯಿಲ್ ಮೆತ್ತಿಕೊಂಡು ಒದ್ದೆಯಾಗಿತ್ತು. ಪ್ಲಗ್ಗಿನ ಜಾಗದಲ್ಲಿ ಕಂಪ್ರೆಷನ್ ಗೇಜ್ ತಿರುಗಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿಹಿಡಿದು ಸೆಲ್ಫ್ ಹೊಡೆಯುವಂತೆ ಹುಡುಗನಿಗೆ ಹೇಳಿದರು. ಮುಳ್ಳು ನಾಲ್ಕೈದು ಜಿಗಿತದಲ್ಲಿ ಮೇಲೇರಿ ನಿಂತಿತು. ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಒತ್ತಡ ಎಂಬ ಲೆಕ್ಕದಲ್ಲಿ ಮೊದಲ ಸಿಲಿಂಡರ್ ಹನ್ನೆರಡೂವರೆ ಕೆಜಿ, ಮೂರನೆಯದು ಹನ್ನೆರಡು, ಎರಡನೆಯದು ಎಂಟು. ಸಿಲಿಂಡರ್‌ಗಳ ನಡುವೆ ಒಂದು ಕೆಜಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಳ್ಳ ಯಾವ ಮನೆಯಲ್ಲಿದ್ದಾನೆಂದು ಗೊತ್ತಾಯಿತು.

ಆದರೆ ಎಂಟು ಕೆಜಿ ಬಂದದ್ದು ಯಾಕೆ? ಒತ್ತಡ ಸೋರುವುದು ಎರಡು ಕಡೆಯಿಂದ. ಪಿಸ್ಟನ್ ರಿಂಗ್ ಸವೆದು ಕೆಳಕ್ಕೆ ಸೋರಬಹುದು, ಇಲ್ಲವೇ ವಾಲ್ವ್ ಅಥವಾ ಗ್ಯಾಸ್ಕೆಟ್ ಬಳಿ ಮೇಲಕ್ಕೆ ಸೋರಬಹುದು. ಕೆಳಗಿನ ಕೆಲಸ ಎಂದರೆ ಎಂಜಿನ್ ಇಳಿಸಬೇಕು, ಖರ್ಚು ದೊಡ್ಡದು. ಮೇಲಿನ ಕೆಲಸವಾದರೆ ಎಂಜಿನ್ ಇದ್ದ ಜಾಗದಲ್ಲೇ ಅದರ ಮೇಲ್ಮುಚ್ಚಳವಾದ ಹೆಡ್ ಮಾತ್ರ ಬಿಚ್ಚಿದರೆ ಸಾಕು. ಇದನ್ನು ಬೇರ್ಪಡಿಸಲು ಮೇಸ್ತ್ರಿ ಪ್ಲಗ್ಗಿನ ತೂತಿನಿಂದ ಒಂದು ಚಮಚದಷ್ಟು ಎಂಜಿನ್ ಆಯಿಲ್ ಒಳಗೆ ಬಿಟ್ಟರು. ಆಯಿಲ್ ಪಿಸ್ಟನ್ನಿನ ಸುತ್ತ ಹರಡಿ ರಿಂಗುಗಳ ಸಂದನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ದೋಷ ರಿಂಗಿನದಾದರೆ ಮುಳ್ಳು ಈಗ ಮೇಲೇರಬೇಕು. ಮತ್ತೆ ಸೆಲ್ಫ್ ಹೊಡೆದರು. ಎಂಟೂಕಾಲಿಗೆ ನಿಂತಿತು.

“ನೋಡಿ ಸಾರ್, ಏರಲಿಲ್ಲ. ರಿಂಗ್ ಚೆನ್ನಾಗಿದೆ. ಕೆಲಸ ಹೆಡ್ಡಲ್ಲಿದೆ. ಬೆಳಿಗ್ಗೆ ಹೊಗೆ ಬರೋದು ವಾಲ್ವ್ ಸೀಲ್‌ನಿಂದ. ರಾತ್ರಿ ಪೂರಾ ಆಯಿಲ್ ತೊಟ್ಟಿಕ್ಕಿ ಇಳಿದಿರುತ್ತೆ, ಬೆಳಿಗ್ಗೆ ಅದು ಸುಡುತ್ತೆ. ರಿಂಗ್ ಹೋಗಿದ್ರೆ ದಾರಿ ಪೂರಾ ಹೊಗೆ ಬಿಡ್ತಿತ್ತು.”

ಒಂದು ಗೇಜು, ಒಂದು ಚಮಚ ಆಯಿಲ್. ಫುಲ್ ಎಂಜಿನ್ ಎಂಬ ತೀರ್ಪು ಅಲ್ಲಿಗೆ ಬಿದ್ದುಹೋಯಿತು.

ಮರುದಿನ ಹೆಡ್ ಇಳಿಸಿದರು. ಅಲ್ಯೂಮಿನಿಯಂ ಹೆಡ್ ಮಗುಚಿದಾಗ ಆರು ವಾಲ್ವ್‌ಗಳ ಮುಖ ಕಂಡವು. ಎರಡನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್‌ನ ಅಂಚಿನಲ್ಲಿ ಉಗುರಿನಷ್ಟು ಜಾಗ ಸುಟ್ಟು ಬೆಳ್ಳಗೆ ಕೊರೆದುಹೋಗಿತ್ತು. ವರ್ಷಗಟ್ಟಲೆ ಬಡಿದು ಬಡಿದು ವಾಲ್ವ್ ತನ್ನ ಸೀಟಿನೊಳಕ್ಕೆ ಕೂದಲೆಳೆಯಷ್ಟು ಇಳಿಯುತ್ತದೆ. ವಾಲ್ವನ್ನು ಒತ್ತುವ ಟ್ಯಾಪೆಟ್ಟಿನಲ್ಲಿ ಬಿಟ್ಟ ಸಂದು ಆಗ ಮುಚ್ಚಿಕೊಳ್ಳುತ್ತದೆ, ವಾಲ್ವ್ ಪೂರ್ತಿ ಕೂರುವುದಿಲ್ಲ. ಉರಿಯುವ ಅನಿಲ ವಾಲ್ವ್ ಮತ್ತು ಸೀಟಿನ ನಡುವಿನಿಂದ ನುಗ್ಗಿ ಅಂಚನ್ನು ಸುಡುತ್ತದೆ. ಟ್ಯಾಪೆಟ್ ಸದ್ದು ಮಾಡುತ್ತಿದ್ದರೆ ಜನ ಓಡಿಬಂದು ಸರಿಮಾಡಿಸುತ್ತಾರೆ. ಸಂದು ಮುಚ್ಚಿದ ಟ್ಯಾಪೆಟ್ ಸದ್ದಿಲ್ಲದೆ ವಾಲ್ವನ್ನು ಕೊಲ್ಲುತ್ತದೆ. ಅದಕ್ಕೇ ಹಳೆಯ ಎಂಜಿನ್ನಿನ ಟ್ಯಾಪೆಟ್ ಸಂದನ್ನು ಫೀಲರ್ ಗೇಜಿನಿಂದ ಆಗಾಗ ಅಳೆಸಬೇಕು.

ಹೆಡ್ ತೆರೆದಿದ್ದಾಗಲೇ ಮೇಸ್ತ್ರಿ ಪಿಸ್ಟನ್‌ಗಳನ್ನು ಒಂದೊಂದಾಗಿ ಕೆಳಗಿಳಿಸಿ ಸಿಲಿಂಡರಿನ ಒಳ ಅಗಲ, ಅಂದರೆ ಬೋರ್, ನೋಡಿದರು. ಸವೆತ ಹೆಚ್ಚಿರುವುದು ಯಾವಾಗಲೂ ಸಿಲಿಂಡರಿನ ಮೇಲ್ಭಾಗದಲ್ಲಿ, ರಿಂಗು ತಿರುಗಿ ಹೊರಡುವ ಜಾಗದಲ್ಲಿ. ಬೋರ್ ಗೇಜ್ ಇಳಿಸಿ ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಅಳೆದರು. ಈ ಎಂಜಿನ್ನಿನ ಬೋರ್ 68.5 ಮಿಲಿಮೀಟರ್. ಸವೆತ ಮಿಲಿಮೀಟರಿನ ನೂರರಲ್ಲಿ ಮೂರು ಭಾಗವಷ್ಟೇ ಇತ್ತು. ಟಾರ್ಚ್ ಹಿಡಿದು ತೋರಿಸಿದರು. ಗೋಡೆಯ ಮೇಲೆ ಕಾರ್ಖಾನೆಯಲ್ಲಿ ಎಳೆದ ಅಡ್ಡಗೀರುಗಳು ಇನ್ನೂ ಮಾಸಿರಲಿಲ್ಲ. ಆಯಿಲ್ ನಿಲ್ಲುವುದು ಆ ಗೀರುಗಳಲ್ಲೇ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ ಎಂಜಿನ್ ಎರಡು ಲಕ್ಷ ದಾಟಿದ ಮೇಲೂ ಹೀಗಿರುತ್ತದೆ ಎಂದು ಅವರು ಹೇಳಿದಾಗ, ಪ್ರತಿ ಐದು ಸಾವಿರ ಕಿಲೋಮೀಟರಿಗೆ ಆಯಿಲ್ ಬದಲಿಸಿ ಡೈರಿಯಲ್ಲಿ ಬರೆದಿಡುತ್ತಿದ್ದ ಚಿಕ್ಕಪ್ಪನ ಮುಖ ಅರಳಿತು.

ಇನ್ನೊಂದು ಸಂಗತಿ ಹೊರಬಂದದ್ದು ಥರ್ಮೋಸ್ಟಾಟಿನ ಮನೆ ಬಿಚ್ಚಿದಾಗ. ಒಳಗೆ ಏನೂ ಇರಲಿಲ್ಲ. ನಮ್ಮ ಬಿಸಿಲಿನ ಊರಿಗೆ ಇದು ಬೇಡ ಎಂದು ಹಿಂದೆ ಯಾರೋ ಕಿತ್ತು ಎಸೆದಿದ್ದರು. ದಕ್ಷಿಣದ ಎಷ್ಟೋ ಗ್ಯಾರೇಜುಗಳಲ್ಲಿ ಇದೊಂದು ರೂಢಿ. ಎಂಜಿನ್ ತಂಪಾಗಿದ್ದರೆ ಒಳ್ಳೆಯದು ಎಂಬ ಭಾವನೆ ಇದರ ಹಿಂದಿದೆ, ಅದು ತಪ್ಪು. ನೀರು 80 ಡಿಗ್ರಿ ದಾಟುವವರೆಗೆ ಥರ್ಮೋಸ್ಟಾಟ್ ರೇಡಿಯೇಟರಿನ ದಾರಿ ಮುಚ್ಚಿ ಎಂಜಿನ್ ಬೇಗ ಬಿಸಿಯಾಗಲು ಬಿಡುತ್ತದೆ. ಅದು ಇಲ್ಲದ ಎಂಜಿನ್ ಬಹಳ ಹೊತ್ತು ತಣ್ಣಗೇ ಓಡುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆಯುತ್ತದೆ, ಸವೆತ ಜಾಸ್ತಿಯಾಗುತ್ತದೆ. ಮೇಸ್ತ್ರಿ ಹೊಸ ಥರ್ಮೋಸ್ಟಾಟ್ ತರಿಸಿ, ಟೀ ಅಂಗಡಿಯಿಂದ ಕುದಿನೀರು ತಂದು ಅಲ್ಯೂಮಿನಿಯಂ ಪಾತ್ರೆಯಲ್ಲಿ ಅದನ್ನು ಮುಳುಗಿಸಿದರು. ಒಳಗಿನ ಮೇಣ ಕರಗಿ ಹಿತ್ತಾಳೆಯ ಬಿಲ್ಲೆ ಮೆಲ್ಲಗೆ ಮೇಲೆದ್ದು ದಾರಿ ಬಿಟ್ಟಿತು. ಹೊರತೆಗೆದು ತಣಿಸಿದಾಗ ಮುಚ್ಚಿಕೊಂಡಿತು. ಹೊಸ ಸಾಮಾನನ್ನೂ ಪರೀಕ್ಷಿಸದೆ ಹಾಕುವವರಲ್ಲ ಅವರು.

ರೇಡಿಯೇಟರಿನ ನೀರೂ ಕೆಂಪಗಿತ್ತು. ಚೆನ್ನೈನ ಬೋರ್‌ವೆಲ್ ನೀರಿನಲ್ಲಿ ಉಪ್ಪೂ ಸುಣ್ಣವೂ ಹೆಚ್ಚು. ಅದನ್ನೇ ಸುರಿಯುತ್ತ ಬಂದರೆ ಬಿಸಿನೀರಿನ ಹಂಡೆಯೊಳಗೆ ಕಟ್ಟುವಂಥದೇ ಗಾರು ನೀರಿನ ದಾರಿಗಳಲ್ಲಿ ಕಟ್ಟುತ್ತದೆ, ಹೆಡ್ಡಿನ ಅಲ್ಯೂಮಿನಿಯಂ ಕೊರೆಯುತ್ತದೆ. ಬೇಸಿಗೆಯ ಕತ್ತಿರಿ ಬಿಸಿಲಿನಲ್ಲಿ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಕಾರುಗಳು ಹಬೆ ಬಿಟ್ಟು ನಿಲ್ಲುವುದಕ್ಕೆ ಇದು ದೊಡ್ಡ ಕಾರಣ. ಕೂಲೆಂಟ್ ಹಾಕಿ, ಇಲ್ಲದಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕಿ, ನಲ್ಲಿ ನೀರು ಮಾತ್ರ ಬೇಡ ಎಂದು ಮೇಸ್ತ್ರಿ ಚಿಕ್ಕಪ್ಪನಿಂದ ಮಾತು ತೆಗೆದುಕೊಂಡರು. ರೇಡಿಯೇಟರ್ ಮುಚ್ಚಳದ ರಬ್ಬರ್ ಒಡೆದಿದ್ದರಿಂದ ಅದನ್ನೂ ಬದಲಿಸಿದರು. ಮುಚ್ಚಳ ಒತ್ತಡ ಹಿಡಿದರೆ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಆ ಚಿಕ್ಕ ಬಿಲ್ಲೆಯ ಮೇಲೆ ಎಂಜಿನ್ನಿನ ಪ್ರಾಣ ನಿಂತಿದೆ.

ಹೆಡ್ಡಿನ ಜೊತೆ ನಾವು ಲೇತ್ ಅಂಗಡಿಗೆ ಹೋದೆವು. ಅಲ್ಲಿನ ಟರ್ನರ್ ಗಿಂಡಿಯ ಐಟಿಐಯಲ್ಲಿ ಕಲಿತವರು. ಹೆಡ್ಡಿನ ಮುಖಕ್ಕೆ ಉಕ್ಕಿನ ನೇರಪಟ್ಟಿ ಅಡ್ಡ ಇಟ್ಟು, ಅದರಡಿ ಫೀಲರ್ ಗೇಜಿನ 0.05 ಮಿಲಿಮೀಟರಿನ ಎಲೆ ತೂರಿಸಲು ನೋಡಿದರು. ನಡುವೆ ಒಂದು ಕಡೆ ಎಲೆ ಸರಾಗವಾಗಿ ಒಳಹೋಯಿತು. ಯಾವಾಗಲೋ ಬಿಸಿಯಾಗಿ ಹೆಡ್ ಅಷ್ಟು ಬಾಗಿದೆ. ಮುಖ ಕೆತ್ತಿ ಸಮಮಾಡುವ ಫೇಸಿಂಗ್ ಮಾಡಲೇಬೇಕು, ಆದರೆ ಆದಷ್ಟು ತೆಳುವಾಗಿ. ಹೆಚ್ಚು ಕೆತ್ತಿದರೆ ಒಳಗಿನ ಜಾಗ ಕಿರಿದಾಗಿ ಒತ್ತಡ ಏರುತ್ತದೆ, ಎಂಜಿನ್ ನಾಕಿಂಗ್ ಹೊಡೆಯಲು ಶುರುಮಾಡುತ್ತದೆ. ಟರ್ನರ್ ಬೆರಳಿಂದ ಮುಟ್ಟಿ, ಮತ್ತೆ ಎಲೆ ತೂರಿಸಿ, ಅದು ಎಲ್ಲೂ ಹೋಗದೆ ನಿಂತ ಕ್ಷಣದಲ್ಲೇ ಯಂತ್ರ ನಿಲ್ಲಿಸಿದರು.

ಅದೇ ಅಂಗಡಿಯ ನೆಲದ ಮೇಲೆ ಇನ್ನೊಂದು ಎಂಜಿನ್ ಬಿಚ್ಚಿಕೊಂಡು ಬಿದ್ದಿತ್ತು. ಹೊಸ ಕಾರಿನದು, ಮಳೆಯಲ್ಲಿ ಸತ್ತದ್ದು. ಒಂದು ಕನೆಕ್ಟಿಂಗ್ ರಾಡ್ ಬಿಲ್ಲಾಗಿ ಬಾಗಿತ್ತು, ಸಿಲಿಂಡರಿನ ಗೋಡೆಯಲ್ಲಿ ಬೆರಳಿಗೆ ಸಿಗುವಷ್ಟು ಆಳದ ಗೀರು. ನೀರು ತುಂಬಿದ ಸಬ್‌ವೇಗೆ ಇಳಿದು ಕಾರು ನಿಂತಾಗ ಮಾಲೀಕರು ಗಾಬರಿಯಾಗಿ ಮತ್ತೆ ಮತ್ತೆ ಸೆಲ್ಫ್ ಹೊಡೆದಿದ್ದರಂತೆ. ಪಿಸ್ಟನ್ ಗಾಳಿಯನ್ನು ಒತ್ತಬಲ್ಲದು, ನೀರನ್ನು ಒತ್ತಲಾರದು. ಗಾಳಿಯ ಕೊಳವೆಯಿಂದ ಒಳಹೋದ ನೀರಿನ ಮೇಲೆ ಪಿಸ್ಟನ್ ಏರಿದಾಗ ಬಾಗುವುದು ರಾಡ್. 2015ರ ಡಿಸೆಂಬರಿನ ಮಹಾಪೂರದಲ್ಲಿ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ಊರಿನ ಗ್ಯಾರೇಜುಗಳ ಮುಂದೆ ಇಂಥ ಕಾರುಗಳು ಸಾಲುಗಟ್ಟಿದ್ದವು. ಆ ನೆನಪಿನಿಂದಲೇ 2024ರ ಅಕ್ಟೋಬರಿನಲ್ಲಿ ಭಾರೀ ಮಳೆಯ ಮುನ್ಸೂಚನೆ ಬಂದಾಗ ವೇಳಚೇರಿಯ ಜನ ತಮ್ಮ ಕಾರುಗಳನ್ನು ಫ್ಲೈಓವರಿನ ಮೇಲೆ ಸಾಲಾಗಿ ನಿಲ್ಲಿಸಿಬಂದರು. ನೀರಿನಲ್ಲಿ ನಿಂತುಹೋದ ಕಾರನ್ನು ಸ್ಟಾರ್ಟ್ ಮಾಡಬಾರದು, ತಳ್ಳಿಸಿಕೊಂಡು ಹೊರತಂದು ಪ್ಲಗ್ ಬಿಚ್ಚಿಸಿ ನೀರು ಹೊರಹಾಕಿಸಬೇಕು. ಇಷ್ಟು ಗೊತ್ತಿದ್ದರೆ ಆ ಎಂಜಿನ್ ಉಳಿಯುತ್ತಿತ್ತು.

ಅದಕ್ಕೆ ಬೇಕಾದದ್ದು ನಿಜಕ್ಕೂ ಫುಲ್ ಎಂಜಿನ್ ಕೆಲಸ. ಗೀರು ಮಾಯುವಷ್ಟು ಬೋರ್ ಕೊರೆದು, ಅರ್ಧ ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕಬೇಕು. ಟರ್ನರ್ ಮೊದಲು ಹೊಸ ಪಿಸ್ಟನ್‌ಗಳನ್ನು ಮೈಕ್ರೋಮೀಟರಿನಲ್ಲಿ ಅಳೆದು, ಒಂದೊಂದರ ಅಳತೆಗೆ ಸರಿಯಾಗಿ ಒಂದೊಂದು ಸಿಲಿಂಡರನ್ನು ಕೊರೆಯುತ್ತಿದ್ದರು. ಕೊನೆಯಲ್ಲಿ ಹೋನಿಂಗ್ ಕಲ್ಲು ಮೇಲೆ ಕೆಳಗೆ ಆಡಿಸಿ ಹೊಸ ಅಡ್ಡಗೀರುಗಳನ್ನು ಎಳೆದರು. ಹೀಗೆ ಕಟ್ಟಿದ ಎಂಜಿನ್ನಿಗೆ ಮೊದಲ ಸಾವಿರ ಕಿಲೋಮೀಟರ್ ಬಾಲ್ಯ. ಅಷ್ಟರಲ್ಲಿ ಜೋರು ಮಾಡಬಾರದು, ಆಯಿಲ್ ಬೇಗ ಬದಲಿಸಬೇಕು. ನಮ್ಮ ಹಳೆಯ ಎಂಜಿನ್ನಿನ ಹೆಡ್ಡೂ ಆ ಹೊಸ ಎಂಜಿನ್ನೂ ಒಂದೇ ಅಂಗಡಿಯಲ್ಲಿ ಅಕ್ಕಪಕ್ಕ ಇದ್ದವು. ಹಳೆಯದಕ್ಕೆ ಸಣ್ಣ ಕೆಲಸ, ಹೊಸದಕ್ಕೆ ದೊಡ್ಡದು. ವಯಸ್ಸು ನೋಡಿ ತೀರ್ಪು ಕೊಟ್ಟಿದ್ದರೆ ಎರಡೂ ತಪ್ಪಾಗುತ್ತಿತ್ತು.

ವಾಲ್ವ್ ಕೂರಿಸುವ ಕೆಲಸವನ್ನು ಮೇಸ್ತ್ರಿ ಹುಡುಗರಿಗೆ ಬಿಡಲಿಲ್ಲ. ತಾವೇ ಮರದ ಮಣೆಯ ಮೇಲೆ ಕೂತರು. ವಾಲ್ವ್‌ನ ಅಂಚಿಗೆ ಗ್ರೈಂಡಿಂಗ್ ಪೇಸ್ಟ್ ಸವರಿ, ರಬ್ಬರ್ ಬಟ್ಟಲಿನ ಕೋಲನ್ನು ಅದರ ಮುಖಕ್ಕೆ ಅಂಟಿಸಿ, ಎರಡು ಅಂಗೈಗಳ ನಡುವೆ ಕಡೆಗೋಲಿನಂತೆ ಆಡಿಸತೊಡಗಿದರು. ಮೊದಲು ಗರಗರ ಸದ್ದು. ಪೇಸ್ಟ್ ನುಣ್ಣಗಾಗುತ್ತ ಸದ್ದು ಇಳಿಯುತ್ತದೆ. ಆಗ ಎತ್ತಿ, ಕಾಲು ಸುತ್ತು ತಿರುಗಿಸಿ, ಮತ್ತೆ ಕೂರಿಸಿ ಆಡಿಸುತ್ತಾರೆ. ತಿರುಪ್ಪೂರಿನ ಕಾರ್ಖಾನೆಗಳಿಂದ ಮೂಟೆಯಲ್ಲಿ ಬರುವ ಬನಿಯನ್ ವೇಸ್ಟಿನಿಂದ ಒರೆಸಿದಾಗ ವಾಲ್ವ್‌ನ ಸುತ್ತ ಎಲ್ಲೂ ತುಂಡಾಗದ ಬೂದುಬಣ್ಣದ ಒಂದು ಉಂಗುರ ಕಂಡಿತು. ಅದೇ ಪಟ್ಟಿ ಸೀಟಿನಲ್ಲೂ ಇತ್ತು. ಆರಕ್ಕೂ ಹೀಗೇ ಮಾಡಿ, ಹೊಸ ಸೀಲು ಹಾಕಿ, ಸ್ಪ್ರಿಂಗ್ ಕಟ್ಟಿ, ಹೆಡ್ ಮಗುಚಿ ಮೂರು ಗುಳಿಗಳಿಗೂ ಪೆಟ್ರೋಲ್ ತುಂಬಿದರು. ಟೀ ಕುಡಿದು ಬಂದು ನೋಡಿದಾಗ ಕೆಳಗಿನ ದಾರಿಗಳಲ್ಲಿ ಒಂದು ಹನಿಯೂ ಇಣುಕಿರಲಿಲ್ಲ.

ಹೊಸ ಗ್ಯಾಸ್ಕೆಟ್ ಪ್ಯಾಟರ್ಸ್ ರಸ್ತೆಯಿಂದ ಬಂತು. ಪೆಟ್ಟಿಗೆಯ ಅಚ್ಚು, ಹೊಲೊಗ್ರಾಂ, ಭಾಗದ ನಂಬರ್ ಮೂರನ್ನೂ ಮೇಸ್ತ್ರಿ ಪರೀಕ್ಷಿಸಿದರು. ಹೆಸರಾಂತ ಕಂಪನಿಗಳ ಪೆಟ್ಟಿಗೆಯಲ್ಲಿ ನಕಲಿ ಮಾಲು ತುಂಬಿ ಮಾರುವುದು ಈ ವ್ಯಾಪಾರದ ದೊಡ್ಡ ಪಿಡುಗು. ಗ್ಯಾಸ್ಕೆಟ್, ಸೀಲು, ಬೆಲ್ಟ್, ಬೇರಿಂಗ್ ಹಳೆಯದನ್ನು ಹಾಕಲೇಬಾರದು. ಬಾಗಿಲು, ಲೈಟು, ಬ್ರಾಕೆಟ್‌ಗಳಿಗೆ ಪುದುಪೇಟೆ ಸಾಕು ಎಂಬುದು ಅವರ ನಿಯಮ. ಟೈಮಿಂಗ್ ಬೆಲ್ಟನ್ನೂ ಈ ನೆಪದಲ್ಲಿ ಬದಲಿಸಿದರು. ಹೆಡ್ ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ ಅಂಚಿಗೆ ಹೋಗುತ್ತ, ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚಿನಿಂದ ಬಿಗಿದರು. ಪೆಟ್ರೋಲಿನ ರಬ್ಬರ್ ಪೈಪುಗಳೆಲ್ಲ ಹೊಸವಾದವು. ಈಗ ಬಂಕ್‌ಗಳಲ್ಲಿ ಸಿಗುವುದು ನೂರಕ್ಕೆ 20 ಪಾಲು ಎಥೆನಾಲ್ ಬೆರೆತ ಪೆಟ್ರೋಲ್. ಕಾರ್ಬ್ಯುರೇಟರ್ ಕಾಲದ ರಬ್ಬರನ್ನು ಅದಕ್ಕೆಂದು ಮಾಡಿದ್ದಲ್ಲ. ಎಥೆನಾಲ್ ಗಾಳಿಯ ನೀರನ್ನು ಹೀರುವುದರಿಂದ ವಾರಗಟ್ಟಲೆ ಕಾರು ನಿಲ್ಲಿಸುವವರು ಟ್ಯಾಂಕಿನ ತುಕ್ಕಿನ ಕಡೆಗೂ ಗಮನ ಇಡಬೇಕು.

ಸ್ಟಾರ್ಟ್ ಮಾಡಿದಾಗ ಎಂಜಿನ್ ಒಂದು, ಮೂರು, ಎರಡು ಎಂಬ ತನ್ನ ಕ್ರಮ ಹಿಡಿದು ಸಮನಾಗಿ ನಿಂತಿತು. ಸೈಲೆನ್ಸರಿನ ಬಾಯಿಗೆ ಬಿಳಿಯ ಕಾಗದ ಹಿಡಿದರೆ ಕಲೆಯಾಗಲಿಲ್ಲ. ಮತ್ತೆ ಗೇಜ್ ಹಾಕಿ ಮೂರು ಸಿಲಿಂಡರಿನ ಅಂಕಿಯನ್ನೂ ಚಿಕ್ಕಪ್ಪನ ಡೈರಿಯಲ್ಲಿ ಹಳೆಯ ಅಂಕಿಯ ಪಕ್ಕದಲ್ಲೇ ಬರೆಸಿದರು. ಎರಡನೆಯದು ಎಂಟರಿಂದ ಹನ್ನೆರಡೂವರೆಗೆ ಬಂದಿತ್ತು. ಹೊಗೆ ತಪಾಸಣೆಯ ಸರ್ಟಿಫಿಕೇಟ್ ಸಿಕ್ಕ ಮೇಲೇ ಗಾಡಿ ಕೊಡುವುದು ಎಂದು ಹುಡುಗನ ಜೊತೆ ಕಳಿಸಿದರು. ಹಳೆಯ ಕಾರು ಓಡಿಸುವವರಿಗೆ ಊರಿನ ಗಾಳಿಯ ಋಣವೂ ಇದೆ. ಸುಟ್ಟ ವಾಲ್ವ್‌ನ ಕಾರು ಬಿಡುವ ಹೊಗೆಯನ್ನು ಹಿಂದೆ ಬರುವ ಸೈಕಲ್ಲಿನವರು ಕುಡಿಯಬೇಕು. ಸರಿಯಾಗಿ ಕಟ್ಟಿದ ಎಂಜಿನ್ ಆ ಮಟ್ಟಿಗೆ ಸಾರ್ವಜನಿಕ ಉಪಕಾರ.

ಬಿಲ್ಲು ಕೈಬರಹದ್ದು. ಸಾಮಾನಿಗೆ ಇಷ್ಟು, ಲೇತ್‌ಗೆ ಇಷ್ಟು, ಕೂಲಿಗೆ ಇಷ್ಟು, ತೆಗೆದ ಹಳೆಯ ಸಾಮಾನು ಒಂದು ಚೀಲದಲ್ಲಿ. ಮೊದಲ ಗ್ಯಾರೇಜಿನವರು ಕೇಳಿದ್ದರಲ್ಲಿ ಕಾಲು ಭಾಗವೂ ಆಗಿರಲಿಲ್ಲ. ಸಾವಿರ ಕಿಲೋಮೀಟರ್ ಆದ ಮೇಲೆ ಟ್ಯಾಪೆಟ್ ತೋರಿಸಲು ಬನ್ನಿ ಎಂದು ಮೇಸ್ತ್ರಿ ಹೇಳಿದರು. ಇದೆಲ್ಲ ನಡೆದದ್ದು ತಗಡಿನ ಚಪ್ಪರದಡಿ, ಪೆಟ್ರೋಲಿನಲ್ಲಿ ತೊಳೆದು ತೊಳೆದು ಚರ್ಮ ಒಡೆದ ಕೈಗಳಿಂದ. ಆ ಕೈಗೆ ಕೈಗವಸಿಲ್ಲ, ವಿಮೆಯಿಲ್ಲ, ಪಿಂಚಣಿಯಿಲ್ಲ. ಕಾರ್ಖಾನೆಯೊಳಗೆ ಇದೇ ಅಳತೆ ತೆಗೆಯುವವರಿಗೆ ಸಮವಸ್ತ್ರ, ಸಂಬಳ, ಪದನಾಮ ಎಲ್ಲ ಇದೆ. ಹೊರಗೆ ಅದೇ ವಿದ್ಯೆಗೆ ಸಿಗುವುದು ಚೌಕಾಸಿ. ಕಾರ್ಖಾನೆಗಳಿಗೆ ಭೂಮಿ, ನೀರು, ರಿಯಾಯಿತಿ ಕೊಡುವ ಸರ್ಕಾರಗಳು ಇಂಥ ಮೇಸ್ತ್ರಿಗಳಿಗೆ ಒಳ್ಳೆಯ ಅಳತೆ ಉಪಕರಣ ಕೊಳ್ಳಲು ಸಾಲ, ಹಳೆಯ ಆಯಿಲ್ ಕೂವಂಗೆ ಸೇರದಂತೆ ಸಂಗ್ರಹಿಸುವ ಏರ್ಪಾಡು, ಹುಡುಗರು ಇವರ ಬಳಿ ಕಲಿತದ್ದಕ್ಕೆ ಐಟಿಐಯ ಮಾನ್ಯತೆ ಕೊಟ್ಟರೆ ಖರ್ಚಾಗುವುದು ಅಲ್ಪ, ಉಳಿಯುವುದು ಬಹಳ.

ನಮ್ಮ ಕಡೆಯಿಂದ ಆಗಬೇಕಾದ್ದು ಇನ್ನೂ ಸರಳ. ಹಳೆಯ ಕಾರಿಗೆ ದೊಡ್ಡ ಕೆಲಸ ಎಂದು ಯಾರಾದರೂ ಹೇಳಿದರೆ ಗೇಜ್ ಹಾಕಿ ತೋರಿಸಿ ಎಂದು ಕೇಳಿ, ಅಂಕಿ ಬರೆದುಕೊಳ್ಳಿ, ತಳ ಗಟ್ಟಿಯಿದೆಯೇ ನೋಡಿಸಿ. ಅಳೆದು ತೋರಿಸಿ, ಬೇಕಾದಷ್ಟೇ ಬಿಚ್ಚುವ ಮೇಸ್ತ್ರಿ ಸಿಕ್ಕರೆ ಅವರ ಕೂಲಿಯಲ್ಲಿ ಒಂದು ರೂಪಾಯಿಯನ್ನೂ ಕಡಿಯಬೇಡಿ. ಚಿಕ್ಕಪ್ಪ ಬಿಲ್ಲಿನ ಮೊತ್ತ ಎಣಿಸಿಕೊಟ್ಟು, ಆ ಮೇಸ್ತ್ರಿಯ ಫೋನ್ ನಂಬರನ್ನು ತಮ್ಮ ಡೈರಿಯಲ್ಲಿ ಮನೆ ಡಾಕ್ಟರರ ನಂಬರಿನ ಕೆಳಗೆ ಬರೆದುಕೊಂಡರು. ಆ ವಿದ್ಯೆಯ ಜಾಗ ಅದೇ.